ಕ್ವಾಲಿಸ್ ಕ್ಲಚ್ ಸೋರಿಕೆ: ಕೆಳಗಿನ ಪಂಪ್ ಆಯಿತು, ಆಮೇಲೆ ಮೇಲಿನದು

ಶನಿವಾರ

ರಿವರ್ಸ್ ಹಾಕಿದರೆ ಕರ್ರ್ ಅನ್ನುವುದು ಶುರುವಾಗಿ ಸ್ವಲ್ಪ ದಿನ ಆಗಿತ್ತು. ಈ ವಾರ ಪಿ.ಬಿ. ರಸ್ತೆಯ ಸಿಗ್ನಲ್‌ನಲ್ಲಿ ಫಸ್ಟ್ ಗೇರ್ ಬೀಳಲೇ ಇಲ್ಲ. ಪೆಡಲ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದ ಮೇಲೆ ಬಿತ್ತು. ಹಿಂದಿನವರ ಹಾರ್ನ್ ಕೇಳಬೇಕಿತ್ತು.

ಗಾಡಿ 2004ರ ಕ್ವಾಲಿಸ್, ಡೀಸೆಲ್. 2005ರಲ್ಲಿ ಇನ್ನೋವಾ ಬಂದು ಇದನ್ನು ನಿಲ್ಲಿಸಿದರು. ಅಪ್ಪ ಕೊಂಡದ್ದು, ಮಾರಲು ಮನಸ್ಸಿಲ್ಲ.

ಗ್ಯಾರೇಜಿನಲ್ಲಿ ಕೂತಲ್ಲಿಂದಲೇ ತೀರ್ಪು ಬಂತು: "ಕ್ಲಚ್ ಪ್ಲೇಟ್ ಹೋಗೈತಿ ಸಾರ್, ಗೇರ್‌ಬಾಕ್ಸ್ ಇಳಿಸ್ಬೇಕು." ನನಗೆ ಒಪ್ಪಿಗೆ ಆಗಲಿಲ್ಲ. ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ. ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ನಮ್ಮದು ಅದರ ಉಲ್ಟಾ. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಬೆಣ್ಣೆಯ ಹಾಗೆ ಬೀಳುತ್ತವೆ. ಸ್ಟಾರ್ಟ್ ಮಾಡಿದರೆ ಜಗಳ. ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲ್ ಒತ್ತಿದರೆ ಅದರ ಹತ್ತಿರದ ಮೇಲಿನ ಪಂಪ್ (ಮಾಸ್ಟರ್ ಸಿಲಿಂಡರ್) ಪೈಪಿನಲ್ಲಿ ಆಯಿಲ್ ತಳ್ಳುತ್ತದೆ, ಆ ಒತ್ತಡಕ್ಕೆ ಗೇರ್‌ಬಾಕ್ಸ್ ಪಕ್ಕದ ಕೆಳಗಿನ ಪಂಪ್ (ಸ್ಲೇವ್ ಸಿಲಿಂಡರ್) ಕ್ಲಚ್ ಬಿಡಿಸುತ್ತದೆ. ಪೆಡಲ್ ಪಂಪ್ ಮಾಡಿದರೆ ಸರಿಹೋಗುತ್ತದೆ ಅಂದಮೇಲೆ ಗುಮಾನಿ ಹೋಗಬೇಕಾದದ್ದು ಆಯಿಲ್ ಕಡೆಗೆ, ಅಲ್ವಾ?

ಬಾನೆಟ್ ಎತ್ತಿ ನೋಡಿದೆ. ಕ್ಲಚ್ ಆಯಿಲ್ ಮಿನ್ ಗೆರೆಗಿಂತ ಕೆಳಗಿತ್ತು. ಮುಚ್ಚಿದ ವ್ಯವಸ್ಥೆ ಇದು, ಎಂಜಿನ್ ಆಯಿಲ್ ಹಾಗೆ ಸುಟ್ಟು ಕಮ್ಮಿ ಆಗುವುದಿಲ್ಲ. ಎಲ್ಲೋ ಸೋರಿದೆ. ಮೇಲೆ ತುಂಬಿಸಿ ಓಡಿಸಬಹುದಿತ್ತು, ಬಹಳ ಜನ ಅದನ್ನೇ ಮಾಡುತ್ತಾರೆ. ನಾನು ಪೈಪು, ಜಾಯಿಂಟು ಎಲ್ಲ ಒರೆಸಿ, ಕೆಳಗೆ ರಟ್ಟು ಹಾಸಿ ಬಿಟ್ಟೆ.

ಭಾನುವಾರ

ರಟ್ಟಿನ ಮೇಲೆ ಎರಡು ಕಲೆ. ಒಂದು ಕಪ್ಪು, ಅದು ಎಂಜಿನ್‌ದು, ಹಳೇ ಪರಿಚಯ. ಇನ್ನೊಂದು ತೆಳ್ಳಗೆ, ಬೆರಳಿಗೆ ಜಾರುವಂಥದ್ದು. ಅದರ ಮೇಲೆ ಎರಡು ಹನಿ ನೀರು ಬಿಟ್ಟರೆ ಬೆರೆತುಹೋಯಿತು. ಎಂಜಿನ್ ಆಯಿಲ್ ಆಗಿದ್ದರೆ ನೀರು ಬೇರೆಯೇ ನಿಲ್ಲುತ್ತಿತ್ತು. ಬ್ರೇಕ್ ಆಯಿಲೇ. ಕ್ಲಚ್‌ಗೂ ಅದನ್ನೇ ಹಾಕುವುದು.

ಮೊದಲು ಒಳಗೆ ನೋಡಿದೆ. ಪೆಡಲ್ ಹತ್ತಿರ ಮೇಲಿನ ಪಂಪಿನ ರಾಡ್‌ಗೆ ಟಿಶ್ಯೂ ಒತ್ತಿದೆ, ಒಣಗಿತ್ತು. ಕಾಲಿನ ಕೆಳಗಿನ ಮ್ಯಾಟ್ ಕೂಡ ಒಣ. ಆಮೇಲೆ ಗಾಡಿ ಎತ್ತಿ, ಸ್ಟ್ಯಾಂಡ್ ಕೊಟ್ಟು ಕೆಳಗೆ ಹೋದೆ. ಬರೀ ಜಾಕ್ ನಂಬಿ ಯಾರೂ ಗಾಡಿ ಕೆಳಗೆ ತಲೆ ಹಾಕಬೇಡಿ. ಕೆಳಗಿನ ಪಂಪ್ ಗೇರ್‌ಬಾಕ್ಸ್ ಪಕ್ಕದಲ್ಲಿ ಹೊರಗೇ ಇದೆ, ಅದೇ ಪುಣ್ಯ. ಎಷ್ಟೋ ಹೊಸ ಗಾಡಿಗಳಲ್ಲಿ ಅದು ಒಳಗಿರುತ್ತದೆ, ಗೇರ್‌ಬಾಕ್ಸ್ ಇಳಿಸದೆ ಕೈಗೆ ಸಿಗುವುದಿಲ್ಲ. ರಬ್ಬರ್ ಬೂಟ್ ಸರಿಸಿದ ತಕ್ಷಣ ಕಪ್ಪು ನೀರಿನಂಥ ಆಯಿಲ್ ಮೊಣಕೈವರೆಗೆ ಇಳಿಯಿತು. ಸಿಕ್ಕಿಬಿತ್ತು.

ಪೈಪಿನ ನಟ್ ಬಿಚ್ಚಲು ಮಾಮೂಲಿ ಸ್ಪ್ಯಾನರ್ ಹಾಕಿದರೆ ಮೂಲೆ ಉರುಟಾಗುತ್ತದೆ. ನಟ್ಟಿನ ಸುತ್ತ ಹೆಚ್ಚು ಕಡೆ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ತಂದುಕೊಳ್ಳಿ. ಆಯಿಲ್ ಡಬ್ಬಿಯ ಬಾಯಿಗೆ ಪಾಲಿಥೀನ್ ಚೂರು ಇಟ್ಟು ಮುಚ್ಚಳ ತಿರುಗಿಸಿದರೆ ಸೋರುವುದು ಬಹಳ ಕಮ್ಮಿಯಾಗುತ್ತದೆ.

ಪಂಪ್ ಬಿಚ್ಚಿದರೆ ಆಯಿಲ್ ತಡೆಯುವ ರಬ್ಬರ್ ಸೀಲ್ ಗಟ್ಟಿಯಾಗಿತ್ತು, ಅದು ನಿರೀಕ್ಷೆ ಮಾಡಿದ್ದೇ. ಕೆಟ್ಟ ಸುದ್ದಿ ಸಿಲಿಂಡರ್ ಒಳಗೋಡೆಯಲ್ಲಿತ್ತು. ತುಕ್ಕು ತಿಂದು ಸಣ್ಣ ಸಣ್ಣ ಗುಳಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ಬದಲಾಯಿಸದಿದ್ದರೆ ಆ ನೀರಂಶ ಕಬ್ಬಿಣ ತಿನ್ನುತ್ತದೆ, ಕೊಳೆಯೆಲ್ಲ ಕೆಳಗಿನ ಪಂಪಿನಲ್ಲೇ ಕೂರುತ್ತದೆ. ಸ್ಪೇರ್ ಅಂಗಡಿಯವರು "ಕಿಟ್ ಹಾಕಿ ಸಾಕು" ಅಂದರು. ಕಿಟ್ ಅಂದರೆ ಹೊಸ ಸೀಲ್‌ಗಳ ಸೆಟ್. ಗುಳಿ ಬಿದ್ದ ಗೋಡೆಗೆ ಹೊಸ ರಬ್ಬರ್ ಎಷ್ಟು ದಿನ ಬಂದೀತು? ಪೂರ್ತಿ ಪಂಪೇ ತಂದೆ.

ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು ಅಕ್ಕನ ಮಗನನ್ನು ಸೀಟಿನಲ್ಲಿ ಕೂರಿಸಿದೆ. "ಒತ್ತು, ಹಿಡ್ಕೋ" ಅಂದಾಗ ನಾನು ಕೆಳಗಿನ ಪಂಪಿನ ನಿಪ್ಪಲ್ (ಗಾಳಿ ಬಿಡುವ ಸ್ಕ್ರೂ) ಸಡಿಲಿಸುವುದು, ಟೈಟ್ ಮಾಡಿದ ಮೇಲೆ "ಬಿಡು". ಇದರಲ್ಲಿ ಹಿಂದು ಮುಂದಾದರೆ ಮತ್ತೆ ಗಾಳಿ ಎಳೆದುಕೊಳ್ಳುತ್ತದೆ. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ ಇನ್ನೊಂದು ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿದ್ದೆ, ಗುಳ್ಳೆ ಕಾಣಲಿ ಅಂತ. "ಮಾಮ, ಕಾಲು ನೋಯ್ತೈತಿ, ಮಿರ್ಚಿ ಮಂಡಕ್ಕಿ ಕೊಡಿಸ್ಬೇಕು" ಅಂತ ಅವನ ಕರಾರು. ಗುಳ್ಳೆ ನಿಂತಿತು, ಪೆಡಲ್ ಗಟ್ಟಿಯಾಯಿತು. ದೊಡ್ಡಬಾತಿ ದಾಟಿ ಹರಿಹರದ ತನಕ ಹೋಗಿ ಬಂದೆವು. ರಿವರ್ಸ್ ಸದ್ದಿಲ್ಲದೆ ಬಿತ್ತು.

ಬುಧವಾರ

ಖುಷಿ ಜಾಸ್ತಿ ದಿನ ಇರಲಿಲ್ಲ. ಸಿಗ್ನಲ್‌ನಲ್ಲಿ ಗೇರ್ ಹಾಕಿ ಪೆಡಲ್ ಒತ್ತಿಕೊಂಡೇ ಇದ್ದರೆ ಗಾಡಿ ಮೆಲ್ಲಗೆ ತೆವಳಲು ಶುರು. ಕೆಳಗೆ ಒಂದು ಹನಿಯೂ ಇಲ್ಲ, ಡಬ್ಬಿಯಲ್ಲಿ ಮಟ್ಟವೂ ಇಳಿದಿಲ್ಲ.

ಹೊರಗೆ ಸೋರದೆ ಒತ್ತಡ ಹೋಗುವುದು ಮೇಲಿನ ಪಂಪಿನ ಒಳಗೆ. ಮುಂದಿನ ಸೀಲ್ ದಾಟಿ ಆಯಿಲ್ ವಾಪಸ್ ಬರುತ್ತದೆ. ಹೊಸ ಕೆಳಗಿನ ಪಂಪ್ ಹಾಕಿದ ಕೂಡಲೇ ಹಳೇ ಮೇಲಿನ ಪಂಪ್ ಕೈಕೊಡುವುದು ಮೆಕ್ಯಾನಿಕ್‌ಗಳಿಗೆ ಮಾಮೂಲು. ಗಾಳಿ ತೆಗೆಯುವಾಗ ಪೆಡಲ್ ಪೂರ್ತಿ ನೆಲಕ್ಕೆ ಹೋಗುತ್ತದೆ. ದಿನಾ ಓಡಾಡದ ಜಾಗಕ್ಕೆ ಸೀಲ್ ಹೋಗಿ ಅಲ್ಲಿನ ಕೊಳೆಗೆ ಉಜ್ಜಿಕೊಳ್ಳುತ್ತದೆ. ಇಷ್ಟು ಹಳೇ ಗಾಡಿಯಲ್ಲಿ ಎರಡೂ ಒಟ್ಟಿಗೆ ಮಾಡುವುದೇ ಲೇಸು ಅಂತ ಈಗ ನನ್ನ ಅಭಿಪ್ರಾಯ.

ಮುಂದಿನ ಭಾನುವಾರ

ಮೇಲಿನ ಪಂಪ್ ಬಿಚ್ಚಿದೆ. ಪಿಸ್ಟನ್ ಓಡಾಡುವ ಜಾಗ ಫಳಫಳ, ಅದರಾಚೆ ಕಂದು ಬಣ್ಣದ ಉಂಗುರ. ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿದರೆ ಉಂಗುರ ಹೋಯಿತು, ಉಗುರಿಗೆ ಏನೂ ತಗುಲಲಿಲ್ಲ. ಇದಕ್ಕೆ ಕಿಟ್ ಸಾಕು. ತೊಳೆಯಲು ಡೀಸೆಲ್, ಸೀಮೆಎಣ್ಣೆ ಬೇಡವೇ ಬೇಡ, ಈ ರಬ್ಬರ್ ಉಬ್ಬಿಹೋಗುತ್ತದೆ. ನಮ್ಮ ಕಡೆ ಎಲ್ಲವನ್ನೂ ಡೀಸೆಲ್‌ನಲ್ಲೇ ಅದ್ದುವ ಚಟ ಇದೆಯಲ್ಲ, ಅದಕ್ಕೇ ಹೇಳಿದ್ದು. ಹೊಸ ಸೀಲ್‌ಗಳಿಗೆ ಬ್ರೇಕ್ ಆಯಿಲ್ ಸವರಿ ಕೂರಿಸಿದೆ.

ಪೆಡಲ್ ರಾಡ್ ಮತ್ತು ಪಿಸ್ಟನ್ ನಡುವೆ ಕೂದಲೆಳೆಯಷ್ಟು ಆಟ ಇರಲೇಬೇಕು. ಪೆಡಲ್ ಗಟ್ಟಿ ಇರಲಿ ಅಂತ ಅದನ್ನು ಬಿಗಿ ಮಾಡಿದರೆ, ಆಯಿಲ್ ಡಬ್ಬಿಗೆ ವಾಪಸಾಗುವ ತೂತು ಮುಚ್ಚಿಯೇ ಇರುತ್ತದೆ. ಬಿಸಿಗೆ ಆಯಿಲ್ ಹಿಗ್ಗಿ ಕ್ಲಚ್ ತಾನೇ ಅರ್ಧ ಒತ್ತಿದ ಹಾಗಾಗುತ್ತದೆ. ಆಗ ನಿಜವಾಗಲೂ ಪ್ಲೇಟ್ ಹೋಗುತ್ತದೆ!

ಆಯಿಲ್ ಪೂರ್ತಿ ಹೊಸದು, ಡಾಟ್ 3 (ಡಾಟ್ ಅಂದರೆ ಬ್ರೇಕ್ ಆಯಿಲ್‌ನ ದರ್ಜೆ). ಡಾಟ್ 4 ಕೂಡ ನಡೆಯುತ್ತದೆ. ಡಾಟ್ 5 ಸಿಲಿಕೋನ್, ಇವೆರಡರ ಜೊತೆ ಬೆರೆಸುವಂತಿಲ್ಲ. ಫೆಂಡರ್ ಮೇಲೆ ಚೆಲ್ಲಿದ್ದನ್ನು ತಕ್ಷಣ ನೀರು ಸುರಿದು ತೊಳೆದೆ, ಇಲ್ಲದಿದ್ದರೆ ಪೇಂಟ್ ಎದ್ದುಬರುತ್ತದೆ.

ಈಗ ಪೆಡಲ್ ಒತ್ತಿ ಹಿಡಿದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಬಾಕಿ ಇರುವುದು ಕೆಳಗಿನ ರಬ್ಬರ್ ಹೋಸ್. ಬಗ್ಗಿಸಿದರೆ ಸಣ್ಣ ಬಿರುಕು ಕಾಣುತ್ತಿದೆ, ಸೋರಿಕೆ ಇಲ್ಲ. ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ, ಬಂದ ಮೇಲೆ ಹಾಕಿ ಇನ್ನೊಂದು ಸಲ ಗಾಳಿ ತೆಗೆಯಬೇಕು. ಅಳಿಯನಿಗೆ ಪರೀಕ್ಷೆಯಂತೆ, ಪೆಡಲ್ ಒತ್ತಲು ಬೇರೆ ಯಾರನ್ನಾದರೂ ಹುಡುಕಬೇಕು.