ಸ್ಟೂಲ್ ಮೇಡಂ

ಕಳೆದ ತಿಂಗಳು ನಮ್ಮ ಸೈಕಿಯಾಟ್ರಿ ಮೇಡಂ ತೀರಿಕೊಂಡರು. ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಾಗ ನಾನು ನೈಟ್ ಡ್ಯೂಟಿಯಲ್ಲಿದ್ದೆ. ಅವರ ಹೆಸರು ಹಾಕಬೇಡಿ ಅಂತ ಮನೆಯವರು ಹೇಳಿದ್ದಾರೆ. ನಮಗಂತೂ ಅವರು ಯಾವತ್ತೂ ‘ಸ್ಟೂಲ್ ಮೇಡಂ’.

ನಾನು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಸೇರಿದ್ದು 1993ರಲ್ಲಿ. ಓದಿದ್ದು ಎಷ್ಟು ನೆನಪಿದೆ ಅಂತ ಮಾತ್ರ ಕೇಳಬೇಡಿ. ಮೆದುಳಿನ ಹನ್ನೆರಡು ನರಗಳ ಹೆಸರು ಈಗ ಒಂಬತ್ತಕ್ಕೇ ನಿಂತುಬಿಡುತ್ತೆ. ನೆನಪಿರೋದು ನಿಮ್ಹಾನ್ಸ್ ಪೋಸ್ಟಿಂಗ್. ಬಸ್ಸಲ್ಲಿ ‘ಒಂದು ನಿಮ್ಹಾನ್ಸ್’ ಅಂದರೆ ಸಾಕು, ಪಕ್ಕದವರು ಸ್ವಲ್ಪ ಸರಿದು ಕೂರೋರು. ಮೇಡಂ ಅದಕ್ಕೆ ನಗೋರು. ‘ಮನಸ್ಸು ಮುರಿದವರು ಅಲ್ಲಿ ಮಾತ್ರ ಇರ್ತಾರಾ? ಹೆರಿಗೆ ವಾರ್ಡ್ ನೋಡಿ, ಸುಟ್ಟಗಾಯದ ವಾರ್ಡ್ ನೋಡಿ, ಐಸಿಯು ಮುಂದಿನ ಬೆಂಚು ನೋಡಿ.’

ಆ ಬೆಂಚಿನ ಮೇಲೆಯೇ ನಾನು ಸಿಕ್ಕಿಬಿದ್ದದ್ದು. ಒಬ್ಬ ಹೆಂಗಸು, ಮೂವತ್ತು ದಾಟಿರಲಿಲ್ಲ. ಗಂಡ ಅಪಘಾತದಲ್ಲಿ ಹೋಗಿ ಎರಡು ಗಂಟೆ ಆಗಿತ್ತು. ಅವನ ಚಪ್ಪಲಿಯನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ತೊಡೆ ಮೇಲೆ ಇಟ್ಟುಕೊಂಡಿದ್ದಳು. ಅಳುತ್ತಿರಲಿಲ್ಲ. ಡ್ರೆಸ್ಸಿಂಗ್ ಟ್ರೇ ಹಿಡಿದು ನಿಂತುಕೊಂಡೇ ಹೇಳಿದೆ: ‘ಸಮಾಧಾನ ಮಾಡ್ಕೊಳಿ ಅಮ್ಮ, ಎಲ್ಲ ಸರಿಹೋಗುತ್ತೆ.’

ಮೇಡಂ ನನ್ನನ್ನ ಮೂಲೆಗೆ ಕರೆದರು. ‘ಏನು ಸರಿಹೋಗುತ್ತೆ? ಗಂಡ ವಾಪಸ್ ಬರ್ತಾನಾ?’

ಆಮೇಲೆ ಒಂದು ಸ್ಟೂಲ್ ಎಳ್ಕೊಂಡು ಅವಳ ಕಣ್ಣಿನ ಮಟ್ಟಕ್ಕೆ ಕೂತರು. ಕೂರೋ ಮುಂಚೆ ನನ್ನ ಟ್ರೇ ಇಸ್ಕೊಂಡು, ಕತ್ತರಿ ಸಮೇತ ಒಳಗೆ ಕಳಿಸಿದರು. ಅದು ಯಾಕೆ ಅಂತ ನನಗೆ ಹೊಳೆದದ್ದು ರಾತ್ರಿ ಹಾಸ್ಟೆಲಿನಲ್ಲಿ. ತುಂಬಾ ಹೊತ್ತು ಸುಮ್ನೆ ಕೂತರು. ಆಮೇಲೆ ಸಣ್ಣ ಸಣ್ಣ ಮಾತು. ಏನಾಯ್ತು? ಜೊತೆಗೆ ಯಾರಿದ್ದಾರೆ? ಹಿಂದೆ ಕಷ್ಟ ಬಂದಾಗ ಏನ್ಮಾಡ್ತಿದ್ರಿ? ‘ಮಾಗಡೀಲಿ ಅಕ್ಕ ಇದ್ದಾಳೆ, ಅವಳ ಹತ್ರ ಹೋಗ್ತಿದ್ದೆ’ ಅಂದಳು. ಆಗ ಮೇಡಂ ಕೇಳಿದ್ದು ಕೇಳಿ ನನ್ನ ಎದೆ ಧಸಕ್ ಅಂತು: ‘ಬದುಕೋದೇ ಬೇಡ ಅನ್ನಿಸ್ತಿದೆಯಾ?’ ಹೌದು ಅಂತ ತಲೆಯಾಡಿಸಿದಳು. ಅವತ್ತು ಮೊದಲ ಸಲ ಅತ್ತಳು.

ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತೆ ಅನ್ನೋದು ತಪ್ಪು, ನೇರವಾಗಿ ಕೇಳಿದರೆ ಅವರಿಗೆ ಹೇಳಿಕೊಳ್ಳೋಕೆ ದಾರಿ ಸಿಗುತ್ತೆ ಅಂತ ಆಮೇಲೆ ವಿವರಿಸಿದರು. ಮಾಗಡಿಯ ಕಿರಾಣಿ ಅಂಗಡಿಯೊಂದಕ್ಕೆ ಎಸ್‌ಟಿಡಿ ಮಾಡಿಸಿದರು. ಅಕ್ಕ ಬೆಳಗಿನ ಮೊದಲ ಬಸ್ಸಿಗೆ ಬರೋವರೆಗೂ ಅವಳನ್ನ ಒಂಟಿಯಾಗಿ ಬಿಡಲಿಲ್ಲ, ಬಾತ್‌ರೂಮಿಗೂ. ಇಂಥ ಬಿಕ್ಕಟ್ಟು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದೊಳಗೆ ಯಾವುದಾದರೂ ಒಂದು ಕಡೆ ತಿರುಗುತ್ತೆ ಅಂತ ಪುಸ್ತಕದಲ್ಲಿ ಇತ್ತು. ಮೇಡಂ ಅಕ್ಕನ ಕೈಗೆ ಆರನೇ ವಾರದ ತಾರೀಖು ಬರೆದುಕೊಟ್ಟರು.

ಇನ್ನು ನಮ್ಮ ಕಿತಾಪತಿ. ಮೆಜೆಸ್ಟಿಕ್‌ನಲ್ಲಿ ನಾಲ್ಕೂವರೆ ಶೋ ಹಿಡಿಯಬೇಕಿತ್ತು. ನಾನು ಮತ್ತು ಹಾಸನದ ನನ್ನ ರೂಮ್‌ಮೇಟ್ ಕ್ಲಾಸಿನ ಗಡಿಯಾರವನ್ನ ಹದಿನೈದು ನಿಮಿಷ ಮುಂದೆ ತಿರುಗಿಸಿದೆವು. ಮೇಡಂ ಗೋಡೆ ನೋಡಿದರು, ಎದೆಗೆ ಚುಚ್ಚಿಕೊಂಡಿದ್ದ ವಾಚ್ ನೋಡಿದರು. ಬೈಯಲಿಲ್ಲ. ‘ಉಳಿದ ಹದಿನೈದು ನಿಮಿಷ ಇಬ್ಬಿಬ್ಬರು ಎದುರುಬದುರು ಕೂತ್ಕೊಳ್ಳಿ. ಮಾತು ಬೇಡ.’ ಮೊದಲು ಕಿಸಿಕಿಸಿ ನಗು. ಆಮೇಲೆ ನಗು ಮುಗೀತು. ನೋಡ್ತಾ ನೋಡ್ತಾ ನನ್ನ ರೂಮ್‌ಮೇಟ್ ಕಣ್ಣು ತುಂಬಿತು. ಊರಲ್ಲಿ ಅವಳಪ್ಪ ಹಾಸಿಗೆ ಹಿಡಿದು ಮೂರು ತಿಂಗಳಾಗಿತ್ತಂತೆ. ಎರಡು ವರ್ಷ ಒಂದೇ ರೂಮಲ್ಲಿ ಇದ್ದವಳು ನಾನು! ಸಿನಿಮಾ ತಪ್ಪಿತು ಬಿಡಿ.

ಆಗ ಜೀವ ಕಳೆದುಕೊಳ್ಳೋಕೆ ಹೋಗಿ ಉಳಿದವರು ಪೊಲೀಸ್ ಕೇಸಿಗೆ ಹೆದರಿ ‘ಕಾಲು ಜಾರಿತು’ ಅನ್ನೋರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದಮೇಲೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಇಲ್ಲ. 2022ರಲ್ಲಿ ಮನಸ್ಸಿನ ಕಷ್ಟಕ್ಕೆ ಫೋನಲ್ಲೇ ನೆರವು ಕೊಡೋ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ ಶುರುವಾದಾಗ ಮೇಡಂ ನಿವೃತ್ತರಾಗಿದ್ದರೂ 14416 ನಂಬರನ್ನ ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದರು. ಹಾಲಿನವನಿಗೂ ಹೇಳಿದ್ದರಂತೆ.

ಈಗಿನ ಮಕ್ಕಳು ನಮಗಿಂತ ಜಾಣರು. ಇಂಗ್ಲಿಷ್ ಚೆನ್ನಾಗಿದೆ, ಬೊಂಬೆ ಮೇಲೆ ಪ್ರಾಕ್ಟೀಸ್ ಮಾಡ್ತಾರೆ, ರೋಗಿ ಜೀವಕ್ಕೆ ಅಪಾಯ ಮಾಡ್ಕೋತಾರಾ ಅಂತ ಅಳೆಯೋ ರಿಸ್ಕ್ ಫಾರ್ಮ್ ಎರಡು ನಿಮಿಷಕ್ಕೆ ತುಂಬ್ತಾರೆ. ಫಾರ್ಮ್ ಬೇಕು, ಬೇಡ ಅನ್ನಲ್ಲ. ಆದರೆ ನಿಂತ್ಕೊಂಡೇ ತುಂಬ್ತಾರಲ್ಲ! ನಮ್ಮ ವಾರ್ಡಲ್ಲಿ ಯಾರಾದರೂ ಕೂಗಾಡಿದರೆ ಡಾಕ್ಟರುಗಳೂ ‘ಸಿಸ್ಟರ್ ಎಲ್ಲಿ’ ಅಂತ ನನ್ನನ್ನೇ ಹುಡುಕೋದು. ಹೇಳಿಕೊಳ್ಳಬಾರದು, ಆದರೂ ಹೇಳಿದೆ.

ಡ್ಯೂಟಿ ಮುಗಿಸಿ ಜಯನಗರದ ಅವರ ಮನೆಗೆ ಹೋದೆ. ಮೇಡಂ ಯಜಮಾನರು ಕಿಟಕಿ ಪಕ್ಕ ಕೂತಿದ್ದರು. ಅಷ್ಟು ವರ್ಷ ಸರ್ವೀಸ್ ಮಾಡಿದ ನನ್ನ ಬಾಯಿಂದ ಬಂದ ಮೊದಲ ಮಾತು: ‘ಸಮಾಧಾನ ಮಾಡ್ಕೊಳಿ ಸಾರ್.’

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. ತುಟಿಯಂಚಲ್ಲಿ ಸಣ್ಣ ನಗು.

‘ನೀವು ಅವಳ ಸ್ಟೂಡೆಂಟ್ ಅಲ್ವಾ? ಅಡುಗೆಮನೇಲಿ ಸ್ಟೂಲ್ ಇದೆ, ತಗೊಂಡು ಬನ್ನಿ.’