ಅಜ್ಜನ ಮನೆ ದುರಸ್ತಿ, ಐದನೇ ತಿಂಗಳು: ಗಾಜಿನ ಹೆಂಚು ಮತ್ತು ಅಟ್ಟದ ಹಿತ್ತಾಳೆ

ಸಾಗರದ ಹತ್ತಿರ ಇರುವ ಅಜ್ಜನ ಮನೆಯ ಕೆಲಸ ದೀಪಾವಳಿ ಮುಗಿಸಿ ಶುರುಮಾಡಿದ್ದು. ಈಗ ಮಾರ್ಚ್ ಕೊನೆ. ಗೋಡೆಯ ಬಿರುಕು ಮುಚ್ಚಿದ್ದು, ಗೆದ್ದಲು ತಿಂದ ಪಕಾಸು (ಹೆಂಚಿನ ಭಾರ ಹೊರುವ ಮರ) ಬದಲಾಯಿಸಿದ್ದು ಎಲ್ಲ ಹಿಂದೆಯೇ ಬರೆದಿದ್ದೇನೆ. ಈ ಸಲ ಬರೆಯುತ್ತಿರುವುದು ನನಗೆ ತುಂಬಾ ಇಷ್ಟವಾದ ಕೆಲಸದ ಬಗ್ಗೆ. ಮನೆಯೊಳಗೆ ಬೆಳಕು ತರಬೇಕಿತ್ತು. ಅಟ್ಟದಲ್ಲಿ ಕಪ್ಪಾಗಿ ಕೂತಿದ್ದ ಹಿತ್ತಾಳೆ, ತಾಮ್ರವನ್ನು ಆ ಬೆಳಕಿಗೆ ಇಳಿಸಬೇಕಿತ್ತು.

ಮಲೆನಾಡಿನ ಹಳೇ ಮನೆಯಲ್ಲಿ ಬೆಳೆದವರಿಗೆ ನಡುಮನೆಯ ಕತ್ತಲೆ ಗೊತ್ತೇ ಇರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಬೇಕು. ಮಳೆ ಗೋಡೆಗೆ ಬಡಿಯಬಾರದು ಅಂತ ಮಾಡನ್ನು, ಅಂದರೆ ಚಾವಣಿಯನ್ನು, ತಗ್ಗಿಸಿ ಇಳಿಸಿರುತ್ತಾರೆ. ಗೋಡೆ ಮಣ್ಣಿನದು, ದಪ್ಪ. ಕಿಟಕಿ ಚಿಕ್ಕದು. ಗೋಡೆ ಒಡೆದು ದೊಡ್ಡ ಕಿಟಕಿ ಇಡಿಸು ಅಂತ ಸುಮಾರು ಜನ ಹೇಳಿದರು. ನಾನು ಒಪ್ಪಲಿಲ್ಲ. ಭಾರ ಹೊತ್ತ ಮಣ್ಣಿನ ಗೋಡೆಗೆ ಅಷ್ಟು ದೊಡ್ಡ ಬಾಯಿ ತೆಗೆಯುವುದು ನನಗೆ ಭಯ. ಅಲ್ಲದೆ ಕಿಟಕಿ ಎಷ್ಟು ದೊಡ್ಡದಾದರೂ ಹೊರಗೆ ಕಾಣುವುದು ತಗ್ಗಿದ ಮಾಡಿನ ನೆರಳೇ ಅಲ್ವಾ? ಬೆಳಕು ಬರಬೇಕಾದರೆ ಮೇಲಿನಿಂದಲೇ ಬರಬೇಕು.

ಮಾಡಿಗೆ ಮಂಗಳೂರು ಹೆಂಚು. ಕೆಳಗಿಳಿಸಿ ತೊಳೆದಾಗ ಕೆಲವು ಹೆಂಚಿನ ಬೆನ್ನ ಮೇಲೆ ಬಾಸೆಲ್ ಮಿಷನ್ ಹೆಸರು, 1865 ಅನ್ನುವ ಅಂಕಿ ಕಂಡಿತು. ಮನೆಯೂ 1865ರದ್ದು ಅಂತ ಒಂದು ದಿನ ಖುಷಿಪಟ್ಟೆವು. ಆದರೆ ಅದು ಆ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆ ಮೇಲೆ, ಜಾರ್ಜ್ ಪ್ಲೆಬ್ಸ್ಟ್ ಅನ್ನುವ ಮಿಷನರಿ ಶುರುಮಾಡಿದ್ದು. ಆಮೇಲೆ ಎಷ್ಟೋ ವರ್ಷ ಅದೇ ಅಂಕಿ ಒತ್ತುತ್ತಿದ್ದರು. ಒಡೆಯದೆ ಉಳಿದ ಹೆಂಚನ್ನೆಲ್ಲ ಮತ್ತೆ ಏರಿಸಿದ್ದೇವೆ. ಒಂದನ್ನು ಮಾತ್ರ ಜಗುಲಿಯಲ್ಲಿ ಇಟ್ಟುಕೊಂಡಿದ್ದೇನೆ.

ಇದೇ ಅಳತೆಯಲ್ಲಿ ಗಾಜಿನ ಹೆಂಚೂ ಸಿಗುತ್ತದೆ. ಡಿಸೆಂಬರಿನಲ್ಲಿ ಆರು ತಂದು ತೆಂಕು ಮಾಡಿನ ನಡುವೆ ಹಾಕಿಸಿದೆ. ಅದು ನನ್ನ ತಪ್ಪು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿರುತ್ತಾನೆ. ನಮ್ಮ ಕಡೆ ಡಿಸೆಂಬರಿನ ನಡುಮಧ್ಯಾಹ್ನಕ್ಕೂ ನೆತ್ತಿಯಿಂದ ಸುಮಾರು 37 ಡಿಗ್ರಿ ಕೆಳಗೆ. ತೆಂಕು ಮಾಡಿಗೆ ಬಿಸಿಲು ಹೆಚ್ಚುಕಮ್ಮಿ ನೇರವಾಗಿ ಹೊಡೆಯುತ್ತದೆ. ನೆಲದ ಮೇಲೆ ಆರು ಚೌಕ ಬಿಸಿಲು ಬಿತ್ತು. ಅಲ್ಲಿ ಕಣ್ಣು ಕುಕ್ಕುತ್ತಿತ್ತು, ಉಳಿದ ಕೋಣೆ ಮೊದಲಿಗಿಂತ ಕಪ್ಪಾಗಿ ಕಾಣುತ್ತಿತ್ತು. ಅಮ್ಮ ಅಕ್ಕಿ ಆರಿಸಲು ಕೂತವಳು ಎದ್ದು ಮೊರವನ್ನು ಮತ್ತೆ ಜಗುಲಿಗೇ ಒಯ್ದಳು.

ಎರಡು ವಾರ ಸುಮ್ನೆ ನೋಡುತ್ತಾ ಕೂತೆ. ಒಂದು ಸಂಗತಿ ಗಮನಕ್ಕೆ ಬಂತು. ಸಂಜೆ ಕಡೆ ಆ ಬಿಸಿಲಿನ ಚೌಕ ಸರಿದು ಸುಣ್ಣದ ಗೋಡೆ ಹತ್ತಿದಾಗ ಮಾತ್ರ ಇಡೀ ನಡುಮನೆ ಬೆಳಗುತ್ತಿತ್ತು. ಕಾವಿ ನೆಲ ಬೆಳಕನ್ನು ನುಂಗುತ್ತದೆ, ಸುಣ್ಣದ ಗೋಡೆ ಅದನ್ನು ಹರಡುತ್ತದೆ. ಹಾಗಾದರೆ ಗಾಜು ಗೋಡೆಯ ಪಕ್ಕಕ್ಕೇ ಇರಬೇಕು ಅನ್ನಿಸಿತು.

ಜನವರಿ ಕೊನೆಗೆ ಎಲ್ಲ ಕೀಳಿಸಿ ಬಡಗು ಮಾಡಿಗೆ ಹಾಕಿಸಿದೆ. ಆರರ ಬದಲು ನಾಲ್ಕೇ. ಬಡಗು ಗೋಡೆಯಿಂದ ಮೂರಡಿ ಒಳಗೆ, ಒಂದೇ ಸಾಲು. ಈಗ ಬಿಸಿಲು ಓರೆಯಾಗಿ ಇಳಿದು ಗೋಡೆಗೆ ಬೀಳುತ್ತದೆ, ಅಲ್ಲಿಂದ ಮೆತ್ತಗೆ ಕೋಣೆಗೆ ಹರಡುತ್ತದೆ. ಗೋಡೆಗೆ ಇನ್ನೆರಡು ಕೈ ಸುಣ್ಣ ಹೊಡೆಸಿದೆವು. ಪೇಂಟ್ ಬೇಡ ಅಂದೆ, ಮಣ್ಣಿನ ಗೋಡೆ ಉಸಿರಾಡಬೇಕು. ಗಾಜು ಕಡಿಮೆ, ಬೆಳಕು ಜಾಸ್ತಿ. ಅಮ್ಮ ಈಗ ನಡುಮನೆಯಲ್ಲೇ ಕೂತು ಅಕ್ಕಿ ಆರಿಸುತ್ತಾಳೆ.

ಮಾರ್ಚಿನ ಮೊದಲ ಮಳೆಗೆ ಅದೇ ಸಾಲು ಸೋರಿತು. ಅಂಗಡಿಯಲ್ಲಿ ಎಲ್ಲಾ ಒಂದೇ ಅಳತೆ ಅಂದಿದ್ದರು. ಬಡಗಿ ಆಚಾರ್ರು ಮೇಲೆ ಹತ್ತಿ, ಗಾಜಿನ ಹೆಂಚಿನ ಅಂಚು ಎತ್ತಿ ತೋರಿಸಿದರು. "ಇದ್ರ ತೋಡು ಬೇರೆ, ನಿಮ್ಮ ಹಳೇ ಹೆಂಚಿನ ತೋಡು ಬೇರೆ. ಒಂದರೊಳಗೆ ಒಂದು ಕೂರೋದಿಲ್ಲ ಮಾರಾಯ್ರೇ." ಎರಡರ ನಡುವೆ ಬೆರಳು ತೂರುವಷ್ಟು ಸಂದು. ಮರುದಿನ ಒಂದು ಹಳೇ ಹೆಂಚನ್ನು ಗೋಣಿಯಲ್ಲಿ ಸುತ್ತಿಕೊಂಡು ಮೂರು ಅಂಗಡಿ ಸುತ್ತಿದೆ. ಅಂಗಡಿಯ ನೆಲದ ಮೇಲೇ ಗಾಜಿನ ಹೆಂಚಿನ ಪಕ್ಕ ಇಟ್ಟು, ಕೂಡಿಸಿ, ಅಲ್ಲಾಡಿಸಿ ನೋಡಿದೆ. ಮೂರನೇ ಕಡೆ ಸಿಕ್ಕಿತು. ಯಾರಾದರೂ ಗಾಜಿನ ಹೆಂಚು ಹಾಕಿಸುವುದಾದರೆ ದಯವಿಟ್ಟು ಹಳೇ ಹೆಂಚು ಜೊತೆಗೆ ಒಯ್ಯಿರಿ.

ಇನ್ನು ಲೋಹದ ಕೆಲಸ. ನಾನು ಹಾಕಿಕೊಂಡ ನಿಯಮ ಒಂದೇ. ಬೆಳಕು ಬೀಳುವಲ್ಲಿ, ಇಲ್ಲವೇ ಕೈ ತಾಗುವಲ್ಲಿ ಮಾತ್ರ ಲೋಹ.

ಬಾಗಿಲಿಗೆ ಹಿಡಿಕೆ, ಚಿಲಕ ಹಿತ್ತಾಳೆಯದು ಬೇಕಿತ್ತು. ಮೊದಲು ತರಿಸಿದ್ದು ಹೊರಗೆ ಮಾತ್ರ ಹಳದಿ. ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ಅಷ್ಟಕ್ಕೇ ನಂಬಬಾರದು. ಒಳಗೆ ಕಬ್ಬಿಣ ಇದ್ದರೆ ಅಂಟುತ್ತದೆ, ಸತು ಇದ್ದರೆ ಅಂಟುವುದಿಲ್ಲ. ಹಿಂಭಾಗದಲ್ಲಿ ಅರದಿಂದ ಒಂದು ಗೆರೆ ಎಳೆದೆ, ಬೆಳ್ಳಗೆ ಕಂಡಿತು. ವಾಪಸ್ ಕಳಿಸಿದೆ. ಆಮೇಲೆ ಹಳೇ ಸಾಮಾನಿನ ಅಂಗಡಿಯಲ್ಲಿ ತೂಕಕ್ಕೆ ಕೊಂಡ ಹಿಡಿಕೆಗಳು ಗೆರೆ ಎಳೆದಷ್ಟೂ ಹಳದಿಯೇ.

ಅವನ್ನು ಕೂರಿಸುವಾಗ ಆಚಾರ್ರಿಂದ ಒಂದು ಪಾಠ ಕಲಿತೆ. ಬಾಗಿಲು ಹೊನ್ನೆ ಮರದ್ದು, ಗಟ್ಟಿ. ಹಿತ್ತಾಳೆ ಸ್ಕ್ರೂ ಮೆದು, ಬಿಗಿ ಮಾಡುವಾಗ ತಲೆ ಕಿತ್ತುಬರುತ್ತದೆ. ಅವರು ತೂತು ಕೊರೆದು, ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ತಿರುಗಿಸಿ ದಾರಿ ಮಾಡಿದರು. ಅದನ್ನು ತೆಗೆದು, ಹಿತ್ತಾಳೆ ಸ್ಕ್ರೂಗೆ ಸೋಪು ಸವರಿ ಕೈಯಲ್ಲೇ ತಿರುಗಿಸಿದರು. ಒಂದೂ ಮುರಿಯಲಿಲ್ಲ.

ತಾಮ್ರದ ಹಂಡೆ ಬಚ್ಚಲುಮನೆಯಿಂದ ಜಗುಲಿಗೆ ಬಂದಿದೆ, ಕಾಲು ತೊಳೆಯುವ ನೀರಿಗೆ. ಅದರ ಕೆಳಗಿನ ಕಬ್ಬಿಣದ ಸ್ಟ್ಯಾಂಡ್ ತಿಂಗಳೊಳಗೆ ಹಂಡೆ ತಾಗುವ ಜಾಗದಲ್ಲೇ ತುಕ್ಕು ಹಿಡಿಯಿತು. ತಾಮ್ರ, ಕಬ್ಬಿಣ ಒಂದಕ್ಕೊಂದು ತಾಗಿ ನಡುವೆ ನೀರಿದ್ದರೆ ಕಬ್ಬಿಣ ಬೇಗ ತುಕ್ಕಾಗುತ್ತದೆ. ನಡುವೆ ಹಳೇ ಟ್ಯೂಬಿನ ರಬ್ಬರ್ ಕತ್ತರಿಸಿ ಇಟ್ಟೆ.

ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಅಜ್ಜಿಯ ಹಿತ್ತಾಳೆ ಹರಿವಾಣ. ಹುಣಸೆಹಣ್ಣು, ಉಪ್ಪು ಹಚ್ಚಿ ಅಮ್ಮ ತಿಕ್ಕಿದಳು. ಒಂದು ಕಡೆ ಹುಣಸೆ ರಾತ್ರಿಯಿಡೀ ಉಳಿದು ಅಲ್ಲಿ ಕೆಂಪು ಕಲೆ ಬಿತ್ತು. ಹುಳಿ ಜಾಸ್ತಿ ಹೊತ್ತು ನಿಂತರೆ ಹಿತ್ತಾಳೆಯೊಳಗಿನ ಸತು ಕರಗಿ ತಾಮ್ರದ ಬಣ್ಣ ಮೇಲೆ ಬರುತ್ತದೆ. ಮತ್ತೆ ತಿಕ್ಕಿ, ತೊಳೆದು, ತಕ್ಷಣ ಬಟ್ಟೆಯಲ್ಲಿ ಒರೆಸಿದ ಮೇಲೆ ಸರಿಯಾಯಿತು. ಲ್ಯಾಕರ್ ಹೊಡೆಸಲಿಲ್ಲ.

ಅಡಿಗೆಮನೆಗೆ ಹೋಗುವ ಓಣಿಯಲ್ಲಿ ಮೂಡಣಕ್ಕೆ ಒಂದು ಗೇಣಗಲದ ಬೆಳಕಿಂಡಿ ಇದೆ. ಅದರ ಎದುರು ಗೋಡೆಗೆ ಹರಿವಾಣವನ್ನು ಸ್ವಲ್ಪ ಮೇಲ್ಮುಖವಾಗಿ ಒರಗಿಸಿ ಇಟ್ಟೆ. ಬೆಳಗ್ಗೆ ಬಿಸಿಲು ಅದರ ಮೇಲೆ ಬೀಳುತ್ತದೆ. ಅಲ್ಲಿಂದ ಚಿಮ್ಮಿ ಮೇಲಿನ ಹಲಗೆಗೆ ಹೋಗುತ್ತದೆ. ಹಲಗೆ ಮೇಲೆ ಜೇನಿನ ಬಣ್ಣದ ಒಂದು ದೊಡ್ಡ ವೃತ್ತ, ಅಂಚಿನಲ್ಲಿ ಅಜ್ಜಿ ಕಾಲದ ಸುತ್ತಿಗೆ ಪೆಟ್ಟುಗಳ ನೆರಳು ನೀರಿನ ಅಲೆಯ ಹಾಗೆ. ಅಲ್ಲಿ ಮೊದಲು ಗೋಡೆ ತಡವಿಕೊಂಡು ನಡೆಯುತ್ತಿದ್ದೆವು. ಮೊದಲ ದಿನ ಅಮ್ಮ ಕಾಫಿ ಲೋಟ ಹಿಡಿದು ಅಲ್ಲೇ ನಿಂತುಬಿಟ್ಟಳು. "ಅತ್ತೆ ಇದ್ದಿದ್ದರೆ ನೋಡ್ತಿದ್ರು" ಅಂದಳು.

ಉಳಿದಿರುವುದು ಇಷ್ಟು. ಕಿಟಕಿ ಸರಳುಗಳ ಹಳೇ ಬಣ್ಣ ಕೆರೆದು, ಒಳಗಿನವಕ್ಕೆ ಅಗಸೆ ಎಣ್ಣೆ, ಹೊರಗಿನವಕ್ಕೆ ರೆಡ್ ಆಕ್ಸೈಡ್ ಹಚ್ಚಬೇಕು. ಹದಿನಾಲ್ಕು ಕಿಟಕಿಯಲ್ಲಿ ಐದು ಮುಗಿದಿವೆ. ಬಚ್ಚಲುಮನೆಗೆ ಎರಡು ಗಾಜಿನ ಹೆಂಚು ತಂದಿಟ್ಟಿದ್ದೇನೆ, ಮಳೆಗಾಲಕ್ಕೆ ಮುಂಚೆ ಏರಬೇಕು. ಏಪ್ರಿಲ್ ಕೊನೆಯ ವಾರ ಸೂರ್ಯ ನಮ್ಮೂರಿಗೆ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಆಗ ನಡುಮನೆಯ ಬೆಳಕು ಗೋಡೆ ಬಿಟ್ಟು ಅದರ ಬುಡಕ್ಕೆ ಇಳಿಯಬೇಕು. ಆ ವಾರ ರಜೆ ಹಾಕಿದ್ದೇನೆ.