ಮೀನಿನ ಬುಟ್ಟಿಯ ಮುಂದೆ ತುಳು

ಬೆಳಿಗ್ಗೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಹತ್ತಿರ ಬಂಗುಡೆ ತರಲು ಹೋಗಿದ್ದೆ. ಪಕ್ಕದಲ್ಲಿ ಉತ್ತರದ ಕಡೆಯ ಒಬ್ಬ ಹುಡುಗ. ಫೋನಿನಲ್ಲಿ ಏನೋ ಟೈಪ್ ಮಾಡಿ ಮೀನಿನ ಅಕ್ಕನ ಮುಂದೆ ಹಿಡಿದ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, ಕಣ್ಣು ಕಿರಿದು ಮಾಡಿ, ಜೋರಾಗಿ ಓದಿದರು: "ಉಂದೆಕ್ ಏತ್?" (ಇದಕ್ಕೆ ಎಷ್ಟು?)

ಕನ್ನಡ ಲಿಪಿ, ತುಳು ಮಾತು!

2024ರ ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ಸೇರಿದ 110 ಭಾಷೆಗಳಲ್ಲಿ ನಮ್ಮ ತುಳುವೂ ಇತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತುಳುವಿನ ಹಳೆಯ ಲಿಪಿಯಾದ ತುಳು-ತಿಗಳಾರಿ, ಫೋನು-ಕಂಪ್ಯೂಟರುಗಳ ಅಕ್ಷರಪಟ್ಟಿಯಾದ ಯೂನಿಕೋಡ್‌ಗೂ ಬಂತು. (ಸಂವಿಧಾನದ ಭಾಷಾಪಟ್ಟಿಯಾದ ಎಂಟನೇ ಪರಿಚ್ಛೇದಕ್ಕೆ ಮಾತ್ರ ಇನ್ನೂ ಕಾಯುತ್ತಿದ್ದೇವೆ.) ಸುದ್ದಿ ಓದಿ ಖುಷಿಪಟ್ಟಿದ್ದೆ. ಅದು ಮೀನಿನ ಬುಟ್ಟಿಯ ತನಕ ಬರುತ್ತದೆ ಅಂದುಕೊಂಡಿರಲಿಲ್ಲ.

ಹೊಸ ಫೋನ್ ಅಂದ್ರೆ ಬರೀ ಕ್ಯಾಮೆರಾ ಮಾತೇ ಜಾಸ್ತಿ, ಅಲ್ವಾ? ನನಗೆ ಇವತ್ತು ಇದೇ ದೊಡ್ಡದು ಅನ್ನಿಸಿತು.

ಅಕ್ಕ ತುಳುವಿನಲ್ಲೇ ರೇಟು ಹೇಳಿ, ಬೆರಳಲ್ಲೂ ತೋರಿಸಿದರು. ಆಮೇಲೆ ಅವನ ಚೀಲಕ್ಕೆ ಒಂದು ಬಂಗುಡೆ ಸುಮ್ನೆ ಹಾಕಿದರು.